ಬಾಗಿಲ ತುಕ್ಕು, ಮಿಟುಕುವ ದೀಪ

ಮಂಗಳೂರಿನ ಉಪ್ಪುಗಾಳಿಯಲ್ಲಿ ಆರು ವರ್ಷ ಓಡಿದ ನನ್ನ ಐಷಾರಾಮಿ ಕಾರಿನ ಹಿಂಬಾಗಿಲ ಕೆಳ ಅಂಚಿನಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿತ್ತು. ಉಗುರು ತಾಗಿಸಿದರೆ ಕಂದು ಪುಡಿ. ಅಷ್ಟು ಹಣ ಸುರಿದ ಕಾರಿಗೆ ಈ ಗತಿಯೇ ಎಂದು ಹೊಟ್ಟೆ ಉರಿಯಿತು.

ಬಾಗಿಲಿನ ತಳದಲ್ಲಿ ನೀರಿಳಿಯುವ ರಂಧ್ರಗಳು ಕೆಮ್ಮಣ್ಣಿನಿಂದ ಮುಚ್ಚಿದ್ದವು. ತಂತಿಯಿಂದ ಬಿಡಿಸಿದಾಗ ಲೋಟದಷ್ಟು ಕೆಸರುನೀರು ಸುರಿಯಿತು. ಲೋಹ ಹೊಳೆಯುವವರೆಗೆ ಉಜ್ಜಿ, ಉಳಿದ ತುಕ್ಕು ತೆಗೆಯುವ ಫಾಸ್ಫಾರಿಕ್ ಆಮ್ಲ ಬಳಿದು, ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಎಪಾಕ್ಸಿ ಪ್ರೈಮರ್ (ಬಣ್ಣದಡಿಯ ರಕ್ಷಣಾ ಲೇಪ) ಮತ್ತು ಬಣ್ಣ ಹಚ್ಚಿದೆ. ಒಳಗೆ ಮೇಣದ ಸ್ಪ್ರೇ ಹೊಡೆದೆ.

ಇದೇ ಕಾರಿನ ದೀಪಗಳು ಮಿಟುಕುತ್ತಿದ್ದುದಕ್ಕೆ ಸರ್ವಿಸ್ ಕೇಂದ್ರದವರು ದೀಪಗಳನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಕಂಟ್ರೋಲ್ ಯೂನಿಟ್ಟನ್ನೇ ಬದಲಿಸಬೇಕೆಂದಿದ್ದರು. ಮೂಲ ಅದಲ್ಲ, ಬಾನೆಟ್ ಒಳಗೆ, ವಿದ್ಯುತ್ ಮರಳಲು ಕಾರಿನ ಲೋಹದ ಮೈಗೆ ಬಿಗಿದ ಅರ್ತ್ ತಂತಿಯ ಬೋಲ್ಟಿನಡಿ ಕುಳಿತಿದ್ದ ತುಕ್ಕು. ಮರಳುಕಾಗದದಿಂದ ಉಜ್ಜಿ ಬಿಗಿದೆ. ಈ ಮಳೆಗಾಲದಲ್ಲಿ ಒಮ್ಮೆಯೂ ದೀಪ ಮಿಟುಕಿಲ್ಲ.