ಕಾಲಂ 3 ಅಂದರೆ ನಾಲ್ಕನೆಯದು: ರೆಪ್ಲಿಕಾದ 13146 ಎರರ್ ಸರಿಮಾಡಿದ್ದು

ಡೇಟಾಬೇಸ್ ಮಂಡ್ಯದ ಒಂದು ವೇಬ್ರಿಡ್ಜ್‌ನದು, ಅದೇ ಸೋರ್ಸ್. ಅದರ ಬದಲಾವಣೆಗಳನ್ನು ನಕಲು ಮಾಡಿಕೊಳ್ಳುವ ರೆಪ್ಲಿಕಾ ಮೈಸೂರಿನಲ್ಲಿ. ಎರಡೂ ಕಡೆ ಮೈಎಸ್‌ಕ್ಯೂಎಲ್ 8, ರೋ ಫಾರ್ಮ್ಯಾಟ್ (ಬದಲಾದ ಸಾಲುಗಳನ್ನೇ ಕಳಿಸುವ ರೀತಿ), ಜಿಟಿಐಡಿ (ಪ್ರತಿ ಟ್ರಾನ್ಸಾಕ್ಷನ್‌ಗೂ ಒಂದು ಗುರುತಿನ ನಂಬರ್) ಆನ್. ಕಬ್ಬಿನ ಲಾರಿಯ ತೂಕದ ಚೀಟಿ ನಂಬರ್ ಅಂದರೆ ವರ್ಷ, ತಿಂಗಳು, ತಾರೀಖು, ಆಮೇಲೆ ಕ್ರಮಸಂಖ್ಯೆ: 2201010001. ಇಂಟ್ ಟೈಪಿನ ಕಾಲಂ ಹಿಡಿಯುವುದು 2147483647ರವರೆಗೆ ಮಾತ್ರ, 2022ರ ಮೊದಲ ಚೀಟಿಯೇ ಅದರಲ್ಲಿ ಕೂರುವುದಿಲ್ಲ. ಅದಕ್ಕೇ ಸೋರ್ಸ್‌ನಲ್ಲಿ ಬಿಗ್‌ಇಂಟ್ (ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ಟೈಪ್) ಮಾಡಿದ್ದು. ಆದರೆ ಆಲ್ಟರ್ ಹೊಡೆದಾಗ ಎಸ್‌ಕ್ಯೂಎಲ್_ಲಾಗ್_ಬಿನ್ ಸೊನ್ನೆಯಲ್ಲಿತ್ತು. ಅದರಿಂದ ಬದಲಾವಣೆ ಬಿನ್‌ಲಾಗ್‌ಗೆ (ರೆಪ್ಲಿಕಾ ಓದಿಕೊಳ್ಳುವ ದಾಖಲೆಗೆ) ಇಳಿಯಲಿಲ್ಲ, ರೆಪ್ಲಿಕಾದಲ್ಲಿ ಹಳೇ ಇಂಟೇ ಉಳಿಯಿತು.

ಶೋ ರೆಪ್ಲಿಕಾ ಸ್ಟೇಟಸ್ ಕೊಟ್ಟರೆ ಎಸ್‌ಕ್ಯೂಎಲ್ ಥ್ರೆಡ್ (ಬಂದ ಬದಲಾವಣೆಗಳನ್ನು ಟೇಬಲ್‌ಗೆ ಹಾಕುವ ಭಾಗ) ನಿಂತಿದೆ, ಎರರ್ 13146: ಕಾಲಂ 3 ಬಿಗ್‌ಇಂಟ್‌ನಿಂದ ಇಂಟ್‌ಗೆ ಬದಲಾಗದು. ಇಲ್ಲಿ ಎಣಿಕೆ ಸೊನ್ನೆಯಿಂದ ಶುರು. ಟೇಬಲ್‌ಗಳ ವಿವರ ಇರುವ ಇನ್ಫರ್ಮೇಶನ್ ಸ್ಕೀಮಾದಲ್ಲಿ ಕಾಲಂನ ಆರ್ಡಿನಲ್ ಪೊಸಿಷನ್ 1ರಿಂದ ಶುರು. ಹಾಗಾಗಿ ನೋಡಬೇಕಾದ್ದು ನಾಲ್ಕನೇ ಕಾಲಂ. ಮೂರನೆಯದನ್ನು ಎಷ್ಟು ತಿರುಗಿಸಿ ನೋಡಿದರೂ ಅದು ಸರಿಯಾಗೇ ಇರುತ್ತದೆ. ಇನ್ನೊಂದು, ಸಂಖ್ಯೆ ಚಿಕ್ಕದಾಗಿದ್ದರೂ ಬಿಡುವುದಿಲ್ಲ. ಚೀಟಿ ನಂಬರ್ 7 ಬಂದರೂ ನಿಲ್ಲುತ್ತದೆ, ಏಕೆಂದರೆ ಹೋಲಿಸುವುದು ಟೈಪನ್ನು.

ಟ್ರಾನ್ಸಾಕ್ಷನ್ ಸ್ಕಿಪ್ ಮಾಡಲು ಕೈ ಹೋಗುತ್ತದೆ, ಮಾಡಬೇಡಿ. ಇವತ್ತು ಹಾರಿಸಿದ ಸಾಲಿಗೆ ನಾಳೆ ಅಪ್‌ಡೇಟ್ ಬಂದರೆ ಸಾಲೇ ಇಲ್ಲವೆಂದು ಎರರ್ 1032. ಯಾವ ಟೈಪ್ ಬದಲಾವಣೆಗೆ ಅನುಮತಿ ಎಂದು ಹೇಳುವ ರೆಪ್ಲಿಕಾ_ಟೈಪ್_ಕನ್ವರ್ಷನ್ಸ್‌ಗೆ ಆಲ್_ನಾನ್_ಲಾಸಿ ಕೊಟ್ಟರೂ ಉಪಯೋಗವಿಲ್ಲ, ಅದು ಚಿಕ್ಕ ಟೈಪಿನಿಂದ ದೊಡ್ಡದಕ್ಕೆ ಹೋಗುವಾಗ ಮಾತ್ರ. ಆಲ್_ಲಾಸಿ ಕೊಟ್ಟರೆ ಓಡುತ್ತದೆ, ಆದರೆ ಹಿಡಿಸದ ನಂಬರ್ ಕೆಡುತ್ತದೆ. ತೂಕದ ಚೀಟಿಯಲ್ಲಿ ಆ ಆಟ ಬೇಡ.

ನಾನು ಮಾಡಿದ್ದು ಇಷ್ಟು. ಸ್ಟಾಪ್ ರೆಪ್ಲಿಕಾ. ರೆಪ್ಲಿಕಾದಲ್ಲಿ ಬರೆಯುವುದನ್ನು ತಡೆಯುವ ಸೂಪರ್_ರೀಡ್_ಓನ್ಲಿ ಆಫ್. ಅದೇ ಸೆಷನ್‌ನಲ್ಲಿ ಎಸ್‌ಕ್ಯೂಎಲ್_ಲಾಗ್_ಬಿನ್ ಸೊನ್ನೆ. ಇಲ್ಲದಿದ್ದರೆ ರೆಪ್ಲಿಕಾದ್ದೇ ಒಂದು ಜಿಟಿಐಡಿ ಹುಟ್ಟಿ, ಮುಂದೆ ಅದನ್ನೇ ಸೋರ್ಸ್ ಮಾಡುವ ದಿನ ತೊಂದರೆ. ಆಮೇಲೆ ಆಲ್ಟರ್ ಟೇಬಲ್, ಮಾಡಿಫೈ ಕಾಲಂ, ಬಿಗ್‌ಇಂಟ್. ಮಾಡಿಫೈನಲ್ಲಿ ನಾಟ್ ನಲ್, ಡೀಫಾಲ್ಟ್ ಮತ್ತೆ ಬರೆಯಬೇಕು, ಬಿಟ್ಟರೆ ಅವೂ ಹೋಗುತ್ತವೆ. ಇಂಟ್‌ನಿಂದ ಬಿಗ್‌ಇಂಟ್‌ಗೆ ಇಡೀ ಟೇಬಲ್ ಕಾಪಿಯಾಗುತ್ತದೆ, ಡಿಸ್ಕ್‌ನಲ್ಲಿ ಟೇಬಲಿನಷ್ಟೇ ಜಾಗ ಖಾಲಿ ಇರಲಿ. ಎರರ್ ಬಂದಾಗಿನಿಂದ ಸ್ಟಾಪ್ ರೆಪ್ಲಿಕಾ ಕೊಡುವವರೆಗೆ ಐಓ ಥ್ರೆಡ್ (ಸೋರ್ಸ್‌ನಿಂದ ಬದಲಾವಣೆ ತರುವ ಭಾಗ) ರಿಲೇ ಲಾಗ್ ತುಂಬಿಸುತ್ತಲೇ ಇರುತ್ತದೆ ಅನ್ನುವುದನ್ನೂ ಆ ಲೆಕ್ಕಕ್ಕೆ ಸೇರಿಸಿ. ಮುಗಿದ ಮೇಲೆ ಸೂಪರ್_ರೀಡ್_ಓನ್ಲಿ ಮತ್ತೆ ಆನ್, ಸ್ಟಾರ್ಟ್ ರೆಪ್ಲಿಕಾ.

ರೈತರ ಹೆಸರಿನ ವಾರ್‌ಚಾರ್ (ಅಕ್ಷರಗಳ) ಕಾಲಂನಲ್ಲೂ ಇದೇ ಎರರ್ ಬರುತ್ತದೆ, ಅಲ್ಲಿ ಉದ್ದ ಬೈಟ್‌ಗಳಲ್ಲಿ ಕಾಣುತ್ತದೆ. ಯುಟಿಎಫ್8ಎಂಬಿ4ನಲ್ಲಿ ಒಂದು ಅಕ್ಷರಕ್ಕೆ ನಾಲ್ಕು ಬೈಟ್‌ವರೆಗೆ ಲೆಕ್ಕ, ವಾರ್‌ಚಾರ್ 50 ಅಂದರೆ 200 ಬೈಟ್. 200 ಎಂದು ಟೇಬಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ನಾಲ್ಕರಿಂದ ಭಾಗಿಸಿ.