ಸೋಮವಾರದ ಮಣ್ಣು

ಹುನಗುಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುವ ನಾನು ವರ್ಷಗಟ್ಟಲೆ ಒಂದು ತಪ್ಪು ಮಾಡಿದ್ದೇನೆ. ಹೊಡೆದಾಡಿದ ಮಕ್ಕಳನ್ನು ಶನಿವಾರದ ಚಿತ್ರ ಮತ್ತು ಮಣ್ಣಿನ ಕೆಲಸದಿಂದ ಹೊರಗೆ ಕೂರಿಸುತ್ತಿದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದು ಗೊತ್ತಿದ್ದರೂ, ಮಗುವಿಗೆ ಪ್ರಿಯವಾದದ್ದನ್ನು ಎಲ್ಲರೆದುರು ಕಸಿದುಕೊಳ್ಳುವುದು ಸೌಮ್ಯವಾದ ಶಿಸ್ತು ಎಂದೇ ನಂಬಿದ್ದೆ.

ಆ ನಂಬಿಕೆ ಅಲುಗಿದ್ದು ಒಬ್ಬ ಹುಡುಗನಿಂದ. ತಂದೆ ತಾಯಿ ಕಟ್ಟಡದ ಕೆಲಸಕ್ಕೆಂದು ಮಂಗಳೂರಿಗೆ ಹೋಗಿದ್ದರು. ಅವನು ಅಜ್ಜಿಯ ಬಳಿ ಇದ್ದ. ಪಕ್ಕದವರ ಪುಸ್ತಕ ಹರಿಯುತ್ತಿದ್ದ, ಕಚ್ಚುತ್ತಿದ್ದ. ನಾನು ಹೊರಗೆ ಕೂರಿಸಿದಷ್ಟೂ ಅದು ಹೆಚ್ಚಾಯಿತು. ಕೊನೆಗೆ ಒಂದು ತಿಂಗಳು, ಜಗಳ ಯಾವ ದಿನ, ಯಾವ ಹೊತ್ತಿಗೆ, ಯಾವುದರ ಬೆನ್ನಿಗೆ ಹುಟ್ಟುತ್ತದೆಂದು ಬರೆದಿಟ್ಟೆ. ಬಹುಪಾಲು ಸೋಮವಾರ, ಅದೂ ಬಿಸಿಯೂಟಕ್ಕೆ ಮುಂಚೆ. ಅಜ್ಜಿಯನ್ನು ಕೇಳಿದಾಗ ತಿಳಿಯಿತು: ತಾಯಿಯ ಫೋನು ಬರುವುದು ಭಾನುವಾರ ರಾತ್ರಿ, ಅಂದು ಅವನು ಸರಿಯಾಗಿ ಉಣ್ಣುವುದೂ ಇಲ್ಲ, ನಿದ್ದೆ ಮಾಡುವುದೂ ಇಲ್ಲ.

ಆವೇಗವನ್ನು ತಡೆದು ಯೋಚಿಸಲು ನೆರವಾಗುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ರ ವಯಸ್ಸಿಗೆ. ಸಿಟ್ಟು ನೆತ್ತಿಗೇರಿದ ಒಂಬತ್ತು ವರ್ಷದವನಿಗೆ "ಯಾಕ ಹೊಡದಿ?" ಎಂದು ಕೇಳಿ, ಅವನ ಮೌನವನ್ನು ಮೊಂಡುತನವೆಂದು ತಿಳಿದದ್ದು ನನ್ನ ಅನ್ಯಾಯ.

ಮಣ್ಣಿನ ಕೆಲಸವನ್ನು ಸೋಮವಾರದ ಮೊದಲ ಇಪ್ಪತ್ತು ನಿಮಿಷಕ್ಕೆ ತಂದೆ. ಏನು ಮಾಡಬೇಕೆಂದು ಹೇಳಲಿಲ್ಲ, ಚೆನ್ನಾಗಿದೆ ಎಂದೂ ಹೊಗಳಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರವಿದ್ದುದರಿಂದ ಎಲ್ಲರೂ ಎತ್ತು, ಗೋದಲಿ ಮಾಡುತ್ತಿದ್ದರು. ಅವನೂ ಎತ್ತು ಮಾಡಿದ, ಕೋಡು ಮುರಿಯಿತು. ಬೀಸಿ ಒಗೆಯಲೆಂದು ಕೈ ಮೇಲೆತ್ತಿದ. ನಾನು ನೀರಿನ ಬಟ್ಟಲನ್ನು ಅವನ ಹತ್ತಿರಕ್ಕೆ ಸರಿಸಿದೆನಷ್ಟೆ. ತುಸು ಹೊತ್ತು ಬಿಟ್ಟು ಕೈ ಇಳಿಸಿ, ಬೆರಳು ಅದ್ದಿ, ಕೋಡನ್ನು ಮೆತ್ತಿಸಿದ. ಆಮೇಲೆ ಉಳಿದ ಮಣ್ಣಿನಲ್ಲಿ ಒಂದು ಉದ್ದನೆಯ ಬಸ್ಸು ಮಾಡಿ, ಉಗುರಿನಿಂದ ಕಿಟಕಿ ಕೊರೆದು, ನನ್ನನ್ನು ನೋಡದೆಯೇ ಹೇಳಿದ: "ಈ ಕಿಡಕಿ ಅವ್ವಂದು."

ಮಾತು ಆರಂಭವಾದದ್ದು ಅಲ್ಲಿಂದ. ನಮ್ಮ ಮಕ್ಕಳಿಗೆ ಎಲ್ಲವೂ 'ಸಿಟ್ಟು'. ಬ್ಯಾಸರ, ಹೆದರಿಕಿ, ಅಳುಕು, ಹೊಟ್ಟಿಕಿಚ್ಚು ಎಂಬ ಮನೆಮಾತಿನ ಪದಗಳನ್ನೇ ಹಲಗೆಯ ಮೇಲೆ ಬರೆದು, ಇವತ್ತು ಎದೆಯೊಳಗೆ ಯಾವುದಿದೆ ಎಂದು ತೋರಿಸಲು ಹೇಳತೊಡಗಿದೆ. ಭಾವನೆಗೆ ಹೆಸರು ಸಿಕ್ಕಾಗ ಅದರ ಬಿಸಿ ತುಸು ಇಳಿಯುತ್ತದೆ. ಅವನು ಬಹಳ ದಿನ 'ಬ್ಯಾಸರ'ದ ಮೇಲೆಯೇ ಬೆರಳಿಡುತ್ತಿದ್ದ.

ಜಗಳ ನಿಂತುಬಿಡಲಿಲ್ಲ. ದಸರೆ ರಜೆಗೆ ಬಂದಿದ್ದ ತಾಯಿ ಮರಳಿ ಹೋದ ಮೇಲೆ ಎರಡು ವಾರ ಅವನನ್ನು ಹಿಡಿಯುವುದೇ ಕಷ್ಟವಾಗಿತ್ತು. ಆಗಲೂ ಮಣ್ಣನ್ನು ಕಸಿದುಕೊಳ್ಳಲಿಲ್ಲ. ಕಚ್ಚಿಸಿಕೊಂಡವನ ಗಾಯವನ್ನು ಅವನೇ ತೊಳೆಯಬೇಕಿತ್ತು, ಹರಿದ ಪುಟಗಳನ್ನು ಅಂಟಿಸಿ ಕೊಡಬೇಕಿತ್ತು. ಅದರಲ್ಲಿ ರಿಯಾಯಿತಿ ಇರಲಿಲ್ಲ.

ನಮ್ಮ ಎರೆ ಮಣ್ಣು ಒಣಗಿದರೆ ಬಿರಿಯುತ್ತದೆ. ಹಾಗಾಗಿ ತುಸು ಉಸುಕು ಬೆರೆಸಿ, ಒದ್ದೆ ಗೋಣಿಚೀಲ ಹೊದಿಸಿ ಮೂಲೆಯಲ್ಲಿಡುತ್ತೇವೆ. ಶನಿವಾರ ಮನೆಗೆ ಹೋಗುವ ಮುಂಚೆ ಆ ಚೀಲಕ್ಕೆ ನೀರು ಚಿಮುಕಿಸುವ ಕೆಲಸ ಅವನದಾಗಿತ್ತು.