‘ಗ್ಯಾಸ್ಟ್ರಿಕ್ ಅಷ್ಟೇ ಸಾರ್’

ಆಂಬುಲೆನ್ಸ್‌ನಲ್ಲಿ ಇಎಂಟಿಯಾಗಿ, ಅಂದರೆ ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿಯಾಗಿ, ಸೇರಿದ ಹೊಸದರಲ್ಲಿ ಮನೆ ಬಾಗಿಲಲ್ಲೇ ಪ್ರಶ್ನೆ ಶುರು ಹಚ್ಚುತ್ತಿದ್ದೆ. ಏನು ತೊಂದರೆ, ಅಲರ್ಜಿ ಇದೆಯಾ, ಹಳೇ ಕಾಯಿಲೆ ಏನು, ಊಟ ಯಾವಾಗ ಮಾಡಿದ್ರಿ. ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದ ಪಟ್ಟಿ. ಪಟ್ಟಿ ಸರಿಯಾಗೇ ಇತ್ತು, ಕೇಳುವವನೇ ಸರಿ ಇರಲಿಲ್ಲ.

ಬೆಂಗಳೂರಿನ ಗುರಪ್ಪನಪಾಳ್ಯದ ಒಂದು ಮನೆ. ಎರಡನೇ ಮಹಡಿ, ಒಬ್ಬರಷ್ಟೇ ಹಿಡಿಸುವ ಮೆಟ್ಟಿಲು. ಅರವತ್ತರ ಆಸುಪಾಸಿನ ಅಮ್ಮ ದಿವಾನದ ಮೇಲೆ ಕೂತಿದ್ದರು. “ಗ್ಯಾಸ್ಟ್ರಿಕ್ ಅಷ್ಟೇ ಸಾರ್, ರಾತ್ರಿ ಬಜ್ಜಿ ತಿಂದ್ರು. ಸೋಡಾ ಕುಡಿಸಿದೀವಿ” ಅಂದ ಮಗ.

“ಶುಗರ್, ಬಿಪಿ ಇದೆಯಾಮ್ಮ?”

“ಏನೂ ಇಲ್ಲಪ್ಪ.”

“ಎದೆ ನೋವು?”

“ನೋವಿಲ್ಲ. ಒಂಥರಾ ಸಂಕಟ.”

ಎಲ್ಲ ಬರೆದುಕೊಂಡು, “ನಡೀರಮ್ಮ, ಗಾಡಿ ಕೆಳಗಿದೆ” ಅಂತ ಎಬ್ಬಿಸಲು ಕೈ ಹಿಡಿದೆ. ಅವರನ್ನು ನಾನು ಮುಟ್ಟಿದ್ದು ಅದೇ ಮೊದಲು. ಅಂಥ ಸೆಕೆಯಲ್ಲೂ ಕೈ ತಣ್ಣಗೆ, ಒದ್ದೆ. ರವಿಕೆ ಬೆನ್ನಿಗೆ ಅಂಟಿತ್ತು. ಟಿವಿ ಪಕ್ಕದಲ್ಲಿ ಮೆಟ್‌ಫಾರ್ಮಿನ್ ಮಾತ್ರೆ.

“ಇದ್ಯಾರದ್ದು?”

“ನಂದೇ, ಶುಗರ್ದು. ತಗೊಂಡ್ಮೇಲೆ ನಾರ್ಮಲ್ ಆಗಿದೆಯಲ್ಲಪ್ಪ.”

ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಎದೆ ನೋವೇ ಇಲ್ಲದೆ ಹೃದಯಾಘಾತ ಆಗಬಹುದು ಅಂತ ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು! ಅಂಥವರನ್ನು ಎರಡು ಮಹಡಿ ನಡೆಸಿಕೊಂಡು ಇಳಿಸಲು ಹೊರಟಿದ್ದೆ. ತಕ್ಷಣ ಕೂರಿಸಿದೆ. ಫೋನಿನಲ್ಲಿ ಡಾಕ್ಟರ್ ಹೇಳಿದ ಮೇಲೆ ಆಸ್ಪಿರಿನ್ ಅಗಿಯಲು ಕೊಟ್ಟೆ. ನಾನು, ಪೈಲಟ್ (ನಮ್ಮ ಗಾಡಿ ಓಡಿಸುವವರು), ಮಗ, ಪಕ್ಕದ ಮನೆಯವರು ಸೇರಿ ಪ್ಲಾಸ್ಟಿಕ್ ಕುರ್ಚಿ ಸಮೇತ ಇಳಿಸಿದೆವು. ಪುಣ್ಯಕ್ಕೆ ಜಯದೇವ ಹೃದ್ರೋಗ ಆಸ್ಪತ್ರೆ ಅಲ್ಲೇ ಹತ್ತಿರ. ಇಸಿಜಿಯಲ್ಲಿ ಹೃದಯಾಘಾತ ಅಂತಲೇ ಬಂತು.

ಈಗ ಮೊದಲು ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಗ್ಯಾಸ್ ವಾಸನೆ, ಕರೆಂಟ್ ವೈರು, ನಾಯಿ ಏನಾದರೂ ಇದೆಯಾ? ರೋಗಿ ಒಂದು ಪೂರ್ತಿ ವಾಕ್ಯ ಏದುಸಿರಿಲ್ಲದೆ ಆಡಿದರೆ ಶ್ವಾಸನಾಳ, ಉಸಿರು ಎರಡರ ಬಗ್ಗೆಯೂ ಅರ್ಧ ನಿರಾಳ. ಆಮೇಲೆ ಕೈ ಹಿಡಿಯುವುದು, ಮಾತು ಏನಿದ್ದರೂ ಹಿಡಿದುಕೊಂಡೇ. ಬಿಸಿಯೋ, ತಣ್ಣಗೋ, ಬೆವರೋ ಗೊತ್ತಾಗುತ್ತದೆ. ಮೂವತ್ತು ಸೆಕೆಂಡ್ ನಾಡಿ ಎಣಿಸಿ, ಕೈ ಬಿಡದೆ ಇನ್ನು ಮೂವತ್ತು ಸೆಕೆಂಡ್ ಎದೆ ಏರಿಳಿಯುವುದನ್ನು ಎಣಿಸುತ್ತೇನೆ. ಉಸಿರು ಎಣಿಸ್ತೀನಿ ಅಂತ ಬಾಯಿಬಿಟ್ಟರೆ ಕೆಟ್ಟಿತು, ಉಸಿರಾಟವೇ ಬದಲಾಗುತ್ತದೆ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸರಿ. ರಕ್ತದ ಆಮ್ಲಜನಕ ತೋರಿಸುವ ಬೆರಳಿನ ಕ್ಲಿಪ್ಪನ್ನು ಪೂರ್ತಿ ನಂಬುವುದಿಲ್ಲ, ಬೆರಳು ತಣ್ಣಗಿದ್ದರೆ ಅದು ಏನೇನೋ ತೋರಿಸುತ್ತದೆ.

ಪ್ರಶ್ನೆಗಳೂ ಬದಲಾಗಿವೆ. “ಶುಗರ್ ಇದೆಯಾ” ಅನ್ನುವ ಬದಲು “ದಿನಾ ನುಂಗೋ ಮಾತ್ರೆ ತಂದು ತೋರಿಸಿ” ಅನ್ನುತ್ತೇನೆ. ಅಲರ್ಜಿ ಅಂದರೆ ಮೈ ಕಡಿತ ಅಂದುಕೊಳ್ಳುತ್ತಾರೆ, ಹಾಗಾಗಿ “ಯಾವ್ದಾದ್ರೂ ಮಾತ್ರೆ, ಇಂಜೆಕ್ಷನ್ ಆಗಿಬರಲ್ವಾ?” ಸಂಕಟ ಅಂದರೆ “ಎಲ್ಲಿ, ಕೈ ಇಟ್ಟು ತೋರಿಸಿ.” ಅಂಗೈಯನ್ನೇ ಎದೆ ಮಧ್ಯೆ ಒತ್ತಿಕೊಂಡರೆ ನನ್ನ ಪಾಲಿಗೆ ಅದು ಗ್ಯಾಸ್ಟ್ರಿಕ್ ಅಲ್ಲ, ಡಾಕ್ಟರ್ ಹೇಳುವ ತನಕ.

ಸ್ಥಿತಿ ಸರಿ ಇಲ್ಲದವರನ್ನು ಐದೈದು ನಿಮಿಷಕ್ಕೆ ಮತ್ತೆ ನೋಡಬೇಕು. ಸಾಯಂಕಾಲವಾದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟುವಷ್ಟರಲ್ಲಿ ಮೂರು ಸಲ ಆಗಿರುತ್ತದೆ.